ಸ್ಪ್ರಿಂಗ್ ಏರ್ ರೈಫಲ್‌ಗೆ ಸ್ಕೋಪ್: 25 ಮೀಟರ್‌ಗೆ ಗ್ರೂಪ್ ಚದುರುತ್ತದೆ, 50ಕ್ಕೆ ಎಲಿವೇಶನ್ ಸಾಲುವುದಿಲ್ಲ

ಬ್ರಹ್ಮಾವರ ಬ್ಯಾರಲ್:

ಎಲ್ಲರಿಗೂ ನಮಸ್ಕಾರ. ಸ್ಕೋಪ್ ಕೂರಿಸುವ ವಿಷಯದಲ್ಲಿ ಸಲಹೆ ಬೇಕಿತ್ತು.

ರೈಫಲ್ ದೇಶೀ ಬ್ರೇಕ್-ಬ್ಯಾರಲ್ (ಬ್ಯಾರಲ್ ಮಡಚಿ ಸ್ಪ್ರಿಂಗ್ ಎಳೆಯುವಂಥದ್ದು), ಸ್ಪ್ರಿಂಗ್ ಪಿಸ್ಟನ್, 0.177 ಇಂಚು (4.5 ಮಿ.ಮೀ.). ಪೆಲೆಟ್ (ಸೀಸದ ಸಣ್ಣ ಗುಂಡು) 8.4 ಗ್ರೇನ್ ತೂಕ, ಉರುಟು ತಲೆಯದ್ದು. ವೇಗ ಅಳೆಯುವ ಕ್ರೋನೋಗ್ರಾಫ್‌ನಲ್ಲಿ ಸರಾಸರಿ ಸೆಕೆಂಡಿಗೆ 240 ಮೀಟರ್. ಆದರೆ ಹತ್ತು ಹೊಡೆತದಲ್ಲಿ ಕಡಿಮೆ ಅಂದರೆ 231, ಹೆಚ್ಚು ಅಂದರೆ 249. ಸ್ಕೋಪ್ ಕೂರಿಸುವ ಹಳಿ 11 ಮಿ.ಮೀ. ಡವ್‌ಟೇಲ್, ಅದರ ಮೇಲೆ ಎರಡು ಬಿಡಿ ರಿಂಗ್. ಸ್ಕೋಪ್ 3-9×40, ಕಾಲು ಎಂಒಎ ಕ್ಲಿಕ್ (ಒಂದು ಎಂಒಎ ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ), ಒಟ್ಟು ಎಲಿವೇಶನ್ (ಮೇಲೆ ಕೆಳಗೆ ತಿದ್ದುವ ಮಿತಿ) 60 ಎಂಒಎ, ಪ್ಯಾರಲ್ಯಾಕ್ಸ್ (ಕಣ್ಣು ಸರಿದಾಗ ಸ್ಕೋಪ್ ಒಳಗಿನ ಕ್ರಾಸ್‌ಹೇರ್ ಗೆರೆ ಗುರಿಯ ಮೇಲೆ ಸರಿದಂತೆ ಕಾಣುವುದು) ಹೊಂದಿಸುವ ವ್ಯವಸ್ಥೆ ಇಲ್ಲ. ಅಮೆರಿಕದಲ್ಲಿರುವ ಭಾವನ ಜಿಂಕೆ ಬೇಟೆ ರೈಫಲ್‌ನಲ್ಲಿ ಇದ್ದದ್ದು. ಬ್ಯಾರಲ್ ಮಧ್ಯದಿಂದ ಸ್ಕೋಪ್ ಮಧ್ಯಕ್ಕೆ 45 ಮಿ.ಮೀ. ಎತ್ತರ.

ತೊಂದರೆ ಇಷ್ಟು. 10 ಮೀಟರ್‌ಗೆ ಜೀರೋ ಮಾಡುವಾಗಲೇ (ಗುರಿ ಇಟ್ಟಲ್ಲೇ ಏಟು ಬೀಳುವಂತೆ ಹೊಂದಿಸುವಾಗಲೇ) ಮೇಲಿನ ಟರೆಟ್, ಅಂದರೆ ತಿದ್ದುವ ತಿರುಗಣೆ, ಹೆಚ್ಚುಕಡಿಮೆ ಮುಗಿಯುತ್ತದೆ. 25 ಮೀಟರ್‌ಗೆ ಗ್ರೂಪ್ (ಒಂದೇ ಗುರಿಗೆ ಹೊಡೆದ ಏಟುಗಳ ಹರವು) 45ರಿಂದ 50 ಮಿ.ಮೀ., ಅಡ್ಡಕ್ಕೂ ಉದ್ದಕ್ಕೂ ಒಂದೇ ರೀತಿ ಚದುರುತ್ತದೆ. 50 ಮೀಟರ್‌ಗೆ ಟರೆಟ್ ಪೂರ್ತಿ ತಿರುಗಿಸಿದರೂ ಏಟು ಕೆಳಗೇ ಬೀಳುತ್ತದೆ.

ಭಾವ ಅವರ ದೂರದ ಹೊಡೆತದ ಪಟ್ಟಿ ಕಳಿಸಿದ್ದಾರೆ: ಟಾರ್ಕ್ ರೆಂಚ್, ಲೆವೆಲ್, ಬೈಪಾಡ್ (ಎರಡು ಕಾಲಿನ ಆಸರೆ), ಸ್ಟಾಕ್ ಬೆಡ್ಡಿಂಗ್ (ರೈಫಲ್‌ನ ಲೋಹದ ಭಾಗ ಸ್ಟಾಕ್‌ನಲ್ಲಿ, ಅಂದರೆ ಹಿಡಿಯಲ್ಲಿ, ಅಲುಗದಂತೆ ಕೂರಿಸುವುದು), ಕೈಯಲ್ಲೇ ತುಂಬಿದ ತೋಟಾ, ಬ್ಯಾಲಿಸ್ಟಿಕ್ ಚಾರ್ಟ್ (ಯಾವ ದೂರಕ್ಕೆ ಗುಂಡು ಎಷ್ಟು ಬೀಳುತ್ತದೆ ಎಂಬ ಪಟ್ಟಿ). ಇದರಲ್ಲಿ ನಮ್ಮ ಏರ್ ರೈಫಲ್‌ಗೆ ಯಾವುದು ಹೊಂದುತ್ತದೆ? ತೋಟದಲ್ಲಿ 50 ಮೀಟರ್ ನೇರ ಜಾಗ ಉಂಟು. ಕಾಗದ ಮತ್ತು ತಿರುಗುವ ತಗಡಿನ ಗುರಿ ಮಾತ್ರ, ಬೇರೆ ಉದ್ದೇಶ ಇಲ್ಲ.

ಕಾರ್ಕಳ ಕರಿಬಂಡೆ:

ನೀವು ಅಂಕಿ ಸರಿಯಾಗಿ ಕೊಟ್ಟದ್ದರಿಂದ ಊಹೆ ಮಾಡುವ ಕೆಲಸ ತಪ್ಪಿತು. ಲೆಕ್ಕ ಹಾಕಿ ನೋಡುವ.

ಮೊದಲು ವೇಗದ ಏರುಪೇರು. 240ರಲ್ಲಿ ಹೊರಟ ಪೆಲೆಟ್ 25 ಮೀಟರ್ ಹೋಗುವಷ್ಟರಲ್ಲಿ ಸುಮಾರು 6 ಸೆಂ.ಮೀ. ಬೀಳುತ್ತದೆ. 231 ಮತ್ತು 249ರ ನಡುವೆ ಆ ಬೀಳುವಿಕೆಯ ವ್ಯತ್ಯಾಸ 9 ಮಿ.ಮೀ. ಅಷ್ಟೆ, ಅದೂ ಉದ್ದಕ್ಕೆ ಮಾತ್ರ. 50 ಮೀಟರ್‌ಗೆ ಅದೇ ಏರುಪೇರು ಸುಮಾರು 4 ಸೆಂ.ಮೀ. ಆಗುತ್ತದೆ, ಹಾಗಾಗಿ ಮುಂದೆ ಅದನ್ನೂ ಸರಿಮಾಡಬೇಕು. ಆದರೆ 25 ಮೀಟರ್‌ನ 45 ಮಿ.ಮೀ. ಚದುರುವಿಕೆಗೆ ಕಾರಣ ಅದಲ್ಲ.

ಎರಡನೆಯದು ಪ್ಯಾರಲ್ಯಾಕ್ಸ್, ಇದೇ ದೊಡ್ಡ ಕಳ್ಳ. ಬೇಟೆ ರೈಫಲ್‌ನ ಸ್ಕೋಪ್‌ಗಳನ್ನು ಸಾಮಾನ್ಯವಾಗಿ 100 ಗಜಕ್ಕೆ, ಅಂದರೆ 91 ಮೀಟರ್‌ಗೆ ಹೊಂದಿಸಿ ಮುಚ್ಚಿರುತ್ತಾರೆ. ಕಣ್ಣು ಮಧ್ಯದಿಂದ ಪೂರ್ತಿ ಅಂಚಿಗೆ ಸರಿದರೆ ಆಗುವ ತಪ್ಪು ಹೀಗೆ ಸಿಗುತ್ತದೆ: ಮುಂದಿನ ಗಾಜಿನ ಅರ್ಧ ವ್ಯಾಸವನ್ನು ಎರಡು ದೂರಗಳ ವ್ಯತ್ಯಾಸದಿಂದ ಗುಣಿಸಿ, ಹೊಂದಿಸಿದ ದೂರದಿಂದ ಭಾಗಿಸಿ. ನಿಮ್ಮದರಲ್ಲಿ 20 ಗುಣಿಸು 66, ಭಾಗಿಸು 91. ಸುಮಾರು 14.5 ಮಿ.ಮೀ. ಇದು ಒಂದು ಬದಿಗೆ. ಕೆನ್ನೆ ಒಮ್ಮೆ ಆಚೆ ಒಮ್ಮೆ ಈಚೆ ಕೂತರೆ 29 ಮಿ.ಮೀ. ಅಲ್ಲಿಯೇ ಹೋಯಿತು. ರೈಫಲ್ ಅಲುಗದಂತೆ ಚೀಲದ ಮೇಲಿಟ್ಟು, ಮುಟ್ಟದೆ, ತಲೆ ಮಾತ್ರ ಮೇಲೆ ಕೆಳಗೆ ಆಡಿಸಿ ನೋಡಿ. ಗುರಿಯ ಮೇಲೆ ಕ್ರಾಸ್‌ಹೇರ್ ಈಜಾಡುವುದು ಕಾಣುತ್ತದೆ. ಏರ್ ರೈಫಲ್‌ಗೆ 10 ಗಜದವರೆಗೆ ಇಳಿಯುವ ಫೋಕಸ್ ಇರುವ ಸ್ಕೋಪ್ ಬೇಕು. ರಿಮ್‌ಫೈರ್ (.22ರಂಥ ಸಣ್ಣ ತೋಟಾದ ರೈಫಲ್) ಸ್ಕೋಪ್‌ಗಳು 50 ಗಜಕ್ಕೆ ಹೊಂದಿಸಿದವು, ಅವು ಪರವಾಗಿಲ್ಲ, ಆದರೆ ಮುಂದಿನ ಪ್ಯಾರಾ ಓದಿ.

ಆ ಸ್ಕೋಪನ್ನು ಸ್ಪ್ರಿಂಗ್ ರೈಫಲ್‌ನಿಂದ ಇವತ್ತೇ ಬಿಚ್ಚಿ. ದೊಡ್ಡ ತೋಟಾದ ರೈಫಲ್ ಎಷ್ಟು ಜೋರಾಗಿ ಒದ್ದರೂ ಹಿಂದಕ್ಕೆ ಮಾತ್ರ ಒದೆಯುತ್ತದೆ. ಸ್ಪ್ರಿಂಗ್ ರೈಫಲ್‌ನಲ್ಲಿ ಪಿಸ್ಟನ್ ಮುಂದೆ ಹೋಗುವಾಗ ರೈಫಲ್ ಹಿಂದೆ ಬರುತ್ತದೆ, ಪಿಸ್ಟನ್ ತುದಿಯಲ್ಲಿ ಗಾಳಿಗೆ ಬಡಿದು ನಿಂತಾಗ ಇಡೀ ರೈಫಲ್ ಮುಂದಕ್ಕೆ ಎಗರುತ್ತದೆ. ಹಿಂದಿನ ಏಟು ತಡೆಯಲೆಂದೇ ಕೂರಿಸಿದ ಗಾಜುಗಳು ಮುಂದಿನ ಏಟಿಗೆ ಸಡಿಲವಾಗುತ್ತವೆ. ಬೆಲೆಬಾಳುವ ಸ್ಕೋಪ್ ಆದರೂ ಅಷ್ಟೆ. ಪೆಟ್ಟಿಗೆಯ ಮೇಲೆ ಸ್ಪ್ರಿಂಗ್ ಏರ್‌ಗನ್‌ಗೆ ತಾಳುತ್ತದೆ ಎಂದು ಬರೆದಿರಬೇಕು.

ಮೂರನೆಯದು ಬ್ಯಾರಲ್ ಜೋಲು. ಬ್ರೇಕ್-ಬ್ಯಾರಲ್‌ಗಳಲ್ಲಿ ಬ್ಯಾರಲ್ ಹಳಿಗೆ ಸಮಾನಾಂತರ ಇರುವುದಿಲ್ಲ, ತುದಿ ಸ್ವಲ್ಪ ಕೆಳಗೆ ನೋಡುತ್ತದೆ. ನಿಮ್ಮ ಎತ್ತರ, ನಿಮ್ಮ ವೇಗಕ್ಕೆ 50 ಮೀಟರ್ ಜೀರೋ ಮಾಡಲು ಜೋಲು ಇಲ್ಲದಿದ್ದರೂ ಸುಮಾರು 21 ಎಂಒಎ ಬೇಕು. ಟರೆಟ್ ಮಧ್ಯದಿಂದ ಮೇಲಕ್ಕೆ ನಿಮಗಿರುವುದು 30. ಅದೂ ಸಾಲಲಿಲ್ಲ ಎಂದರೆ ಜೋಲು ಕನಿಷ್ಠ 9 ಎಂಒಎ ಉಂಟು ಎಂದಾಯಿತು. 10 ಮೀಟರ್‌ಗೇ ಟರೆಟ್ ಮುಗಿಯುತ್ತಾ ಬಂದದ್ದು ವಿಚಿತ್ರ ಅಲ್ಲ. ಅಷ್ಟು ಹತ್ತಿರಕ್ಕೆ ಸ್ಕೋಪ್‌ನ ಎತ್ತರವನ್ನೇ ಸರಿದೂಗಿಸಬೇಕಾಗುತ್ತದೆ, ಅದಕ್ಕೆ ಹದಿನೆಂಟೂವರೆ ಎಂಒಎ ಹೋಗುತ್ತದೆ.

ಟರೆಟ್ ಮೇಲಿನ ತುದಿಗೆ ಹೋದಾಗ ಇನ್ನೊಂದು ಕೆಡುಕು ಉಂಟು. ಒಳಗಿನ ಕೊಳವೆಯನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಆ ಸ್ಥಾನದಲ್ಲಿ ಸಡಿಲ. ಪ್ರತಿ ಏಟಿಗೂ ಕ್ರಾಸ್‌ಹೇರ್ ಒಂದೊಂದು ಕಡೆ ಕೂರುತ್ತದೆ. ಆಮೇಲೆ ಪೆಲೆಟ್ ಬದಲಾಯಿಸಿ, ಟ್ರಿಗರ್ ತಿದ್ದಿ, ಏನು ಮಾಡಿದರೂ ಗ್ರೂಪ್ ಕೂಡುವುದಿಲ್ಲ.

ಪರಿಹಾರ: ಒಂದೇ ತುಂಡಿನ ಮೌಂಟ್, ಹಿಂಭಾಗ ಸುಮಾರು 20 ಎಂಒಎ ಎತ್ತರಿಸಿದ್ದು, ಅಥವಾ ಎತ್ತರ ತಿದ್ದಬಹುದಾದದ್ದು. ಕೆಳಗೆ ಸ್ಟಾಪ್ ಪಿನ್ ಇರಲೇಬೇಕು, ಅದು ಹಳಿಯ ತೂತಿನಲ್ಲಿ ಕೂರಬೇಕು. ಬಿಡಿ ರಿಂಗ್‌ಗಳು ಈ ಒದೆತಕ್ಕೆ ಹಿಂದೆ ಜಾರುತ್ತವೆ. ಸ್ಕ್ರೂ ಎಷ್ಟು ಬಿಗಿದರೂ ಜಾರುತ್ತವೆ, ಬಿಗಿದು ಬಿಗಿದು ಹಳಿಯ ಅಂಚು ಹಾಳಾಗುತ್ತದೆ.

ಹಿಂದಿನ ರಿಂಗ್ ಅಡಿಗೆ ತಗಡು ಇಟ್ಟರಾಯಿತು ಎಂದು ಯಾರಾದರೂ ಹೇಳುತ್ತಾರೆ. ರಿಂಗ್‌ಗಳ ನಡುವೆ 100 ಮಿ.ಮೀ. ಇದ್ದರೆ 0.1 ಮಿ.ಮೀ. ತಗಡಿಗೆ 25 ಮೀಟರ್‌ನಲ್ಲಿ 25 ಮಿ.ಮೀ. ಮೇಲೇಳುತ್ತದೆ. 20 ಎಂಒಎಗೆ 0.58 ಮಿ.ಮೀ. ಬೇಕಾಗುತ್ತದೆ, ಅಷ್ಟು ಇಟ್ಟರೆ ಸ್ಕೋಪ್‌ನ ಕೊಳವೆಯೇ ಬಗ್ಗುತ್ತದೆ. 0.2 ದಾಟುವುದು ಬೇಡ.

ಕೂರಿಸುವ ಕ್ರಮ: ಹಳಿ ಮತ್ತು ಮೌಂಟ್‌ನ ಎಣ್ಣೆಯನ್ನು ಥಿನ್ನರ್‌ನಲ್ಲಿ ಒರೆಸಿ ತೆಗೆಯಿರಿ. ಟರೆಟ್‌ಗಳನ್ನು ಈ ತುದಿಯಿಂದ ಆ ತುದಿಗೆ ಕ್ಲಿಕ್ ಎಣಿಸಿ ತಿರುಗಿಸಿ, ಅರ್ಧಕ್ಕೆ ತಂದು ನಿಲ್ಲಿಸಿ. ದಾರಕ್ಕೆ ಭಾರದ ನಟ್ ಕಟ್ಟಿ 15 ಮೀಟರ್ ದೂರ ತೂಗುಬಿಟ್ಟು, ರೈಫಲ್ ಮಟ್ಟವಾಗಿರುವಾಗ ಕ್ರಾಸ್‌ಹೇರ್‌ನ ನಿಂತ ಗೆರೆ ಆ ದಾರಕ್ಕೆ ಸೇರುವಂತೆ ಸ್ಕೋಪ್ ತಿರುಗಿಸಿ. ರಿಂಗ್ ಸ್ಕ್ರೂಗಳನ್ನು ಅಡ್ಡಡ್ಡ ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ, ಎರಡೂ ಬದಿಯ ಸಂದು ಸಮ ಇರಲಿ. 1.7ರಿಂದ 2 ನ್ಯೂಟನ್-ಮೀಟರ್ ಸಾಕು. ಟಾರ್ಕ್ ರೆಂಚ್ ಇಲ್ಲದಿದ್ದರೆ ಅಲನ್ ಕೀಯ ಗಿಡ್ಡ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ. ಉದ್ದದ ತುದಿಯನ್ನು ಮುಷ್ಟಿಯಲ್ಲಿ ಹಿಡಿದವರು ಸ್ಕೋಪ್ ಮೇಲೆ ರಿಂಗಿನ ಗುರುತು ಮೂಡಿಸಿಯೇ ಬಿಡುತ್ತಾರೆ.

ಲೆವೆಲ್ ವಿಷಯದಲ್ಲಿ ಭಾವ ಹೇಳಿದ್ದು ಸರಿ. 50 ಮೀಟರ್‌ಗೆ ರೈಫಲ್ 5 ಡಿಗ್ರಿ ವಾಲಿದರೆ ಏಟು 2 ಸೆಂ.ಮೀ.ಗಿಂತ ಹೆಚ್ಚು ಬದಿಗೆ ಹೋಗುತ್ತದೆ.

ಪಣಂಬೂರು ಪಡುಗಾಳಿ:

ಮೇಲಿನವರು ಲೋಹದ ಕೆಲಸ ಹೇಳಿದ್ದಾರೆ, ನಾನು ಹಿಡಿತ ಮತ್ತು ಗಾಳಿಯದ್ದು ಹೇಳುತ್ತೇನೆ.

ಬೈಪಾಡ್ ಬೇಡವೇ ಬೇಡ ಮಾರಾಯ್ರೆ. ಪೆಲೆಟ್ ಬ್ಯಾರಲ್ ಬಿಡುವ ಮೊದಲೇ ಸ್ಪ್ರಿಂಗ್ ರೈಫಲ್ ಅಲುಗಲು ಶುರುಮಾಡಿರುತ್ತದೆ. ಆ ಅಲುಗಾಟ ನಿಲ್ಲಿಸಲು ಆಗುವುದಿಲ್ಲ, ಪ್ರತಿಸಲ ಒಂದೇ ರೀತಿ ಅಲುಗಲು ಬಿಡುವುದಷ್ಟೇ ನಮ್ಮ ಕೈಯಲ್ಲಿರುವುದು. ಎಡ ಅಂಗೈ ಬಿಡಿಸಿ ಮೆತ್ತಗಿನ ಚೀಲದ ಮೇಲಿಡಿ, ಅದರ ಮೇಲೆ ರೈಫಲ್‌ನ ತೂಕ ಸಮವಾಗುವ ಜಾಗ ಕೂರಲಿ, ಬೆರಳು ಮಡಚಿ ಹಿಡಿಯಬೇಡಿ. ಬಲಗೈ ಹಿಡಿತ ಹಗುರ, ಭುಜಕ್ಕೆ ಮುಟ್ಟಿಯೂ ಮುಟ್ಟದ ಹಾಗೆ. ಕೈ ಎರಡು ಸೆಂ.ಮೀ. ಹಿಂದೆ ಮುಂದೆ ಆದರೂ ಏಟಿನ ಜಾಗ ಬದಲಾಗುವ ರೈಫಲ್‌ಗಳು ಉಂಟು, ಹಾಗಾಗಿ ಸ್ಟಾಕ್ ಅಡಿಯಲ್ಲಿ ಚಾಕ್‌ಪೀಸ್‌ನಲ್ಲಿ ಗುರುತು ಹಾಕಿ. ಟ್ರಿಗರ್ ಎಳೆದ ಮೇಲೆ ಒಂದು ಸೆಕೆಂಡ್ ತಲೆ ಎತ್ತಬೇಡಿ.

ಬೆಡ್ಡಿಂಗ್ ಕೂಡ ಈಗ ಬೇಡ. ಅದರ ಬದಲು ಸ್ಟಾಕ್‌ನ ಸ್ಕ್ರೂಗಳನ್ನು ನೋಡಿ. ಸ್ಟಾಕ್‌ನ ಮುಂಭಾಗದ ಎರಡು, ಟ್ರಿಗರ್ ಗಾರ್ಡ್‌ನ ಎರಡು. ಸ್ಪ್ರಿಂಗ್ ರೈಫಲ್‌ನಲ್ಲಿ ಇವು ತನ್ನಷ್ಟಕ್ಕೆ ಸಡಿಲವಾಗುತ್ತವೆ, ನೀಲಿ ಥ್ರೆಡ್‌ಲಾಕರ್ ಒಂದು ಹನಿ ಹಾಕಿ. ನಂತರ ಬ್ಯಾರಲ್ ಮುರಿಯುವ ಕೀಲು: ಅರ್ಧ ತೆರೆದು ಅಡ್ಡಕ್ಕೆ ಅಲುಗಿಸಿ ನೋಡಿ. ಆಟ ಇದ್ದರೆ ಕೀಲಿನ ಬೋಲ್ಟ್ ಬಿಗಿಯಬೇಕು. ತೆರೆದ ಬ್ಯಾರಲ್ ತನ್ನ ತೂಕಕ್ಕೆ ಕೆಳಗೆ ಬೀಳಬಾರದು, ಬಿಟ್ಟಲ್ಲೇ ನಿಲ್ಲಬೇಕು. ಇದೆಲ್ಲ ಸ್ಪ್ರಿಂಗ್ ಎಳೆಯದ ಸ್ಥಿತಿಯಲ್ಲಿ. ಎಳೆದ ರೈಫಲ್‌ನ ಬ್ಯಾರಲ್ ತೆರೆದಿದ್ದಾಗ ಪೆಲೆಟ್ ಹಾಕುವವರೆಗೂ ಬ್ಯಾರಲ್ ತುದಿಯಿಂದ ಕೈ ತೆಗೆಯಬೇಡಿ. ಲಾಕ್ ಜಾರಿ ಅದು ಮೇಲಕ್ಕೆ ಹೊಡೆದರೆ ಬೆರಳು ಉಳಿಯುವುದಿಲ್ಲ, ಬ್ಯಾರಲ್ ಕೂಡ ಬಗ್ಗುತ್ತದೆ.

ಚಾರ್ಟ್ ಖಂಡಿತ ಮಾಡಿ, ಆದರೆ ಭಾವನ ಆ್ಯಪ್‌ನಲ್ಲಿರುವ ಬೇಟೆಗುಂಡಿನ ಅಂಕಿ ಹಾಕಬೇಡಿ. ನಿಮ್ಮ ವೇಗಕ್ಕೆ 25 ಮೀಟರ್ ಜೀರೋ ಇಟ್ಟುಕೊಂಡರೆ ಹತ್ತಿರ ಹತ್ತಿರ ಹೀಗೆ ಬರುತ್ತದೆ: 10 ಮೀಟರ್‌ಗೆ 12 ಮಿ.ಮೀ. ಕೆಳಗೆ, 15ರಿಂದ 25ರವರೆಗೆ ಎರಡು ಮೂರು ಮಿ.ಮೀ. ಒಳಗೆ, 30ಕ್ಕೆ 7 ಮಿ.ಮೀ. ಕೆಳಗೆ, 40ಕ್ಕೆ ಸುಮಾರು 4 ಸೆಂ.ಮೀ., 50ಕ್ಕೆ 9ರಿಂದ 10 ಸೆಂ.ಮೀ. ಕೆಳಗೆ. ಕಾಲು ಎಂಒಎ ಕ್ಲಿಕ್ 50 ಮೀಟರ್‌ನಲ್ಲಿ 3.6 ಮಿ.ಮೀ., ಹಾಗಾಗಿ 25ರಿಂದ 50ಕ್ಕೆ ಹೋಗಲು 26 ಕ್ಲಿಕ್ ಆಸುಪಾಸು. ಇದನ್ನು ಶುರುವಿಗೆ ಇಟ್ಟುಕೊಂಡು, ನಿಮ್ಮ ಕಾಗದದಲ್ಲಿ ಬಿದ್ದ ತೂತು ನೋಡಿ ತಿದ್ದಿ ಬರೆಯಿರಿ.

ಇನ್ನು ಗಾಳಿ. ಗಂಟೆಗೆ 10 ಕಿ.ಮೀ. ಅಡ್ಡಗಾಳಿ ಎಂದರೆ ತೆಂಗಿನ ಗರಿ ಸಣ್ಣಗೆ ಆಡುವಷ್ಟು. ಅದು ಈ ಪೆಲೆಟನ್ನು 25 ಮೀಟರ್‌ಗೆ 17-18 ಮಿ.ಮೀ., 50 ಮೀಟರ್‌ಗೆ 7 ಸೆಂ.ಮೀ. ತಳ್ಳುತ್ತದೆ. ದೂರ ಎರಡು ಪಟ್ಟು, ತಳ್ಳುವಿಕೆ ನಾಲ್ಕು ಪಟ್ಟು. ನಮ್ಮ ಕಡಲತೀರದಲ್ಲಿ ಮಳೆಗಾಲ ಬಿಟ್ಟರೆ ಬೆಳಗ್ಗೆ ಗಾಳಿ ಕಡಿಮೆ, ಹನ್ನೊಂದರ ನಂತರ ಕಡಲ ಗಾಳಿ ಏಳುತ್ತದೆ, ಮಧ್ಯಾಹ್ನ ಮೂರಕ್ಕೆ ಗ್ರೂಪ್ ಅಳೆಯುವುದರಲ್ಲಿ ಅರ್ಥ ಇಲ್ಲ. ತೋಟದಲ್ಲಿ ಜಾಗ ಆರಿಸಲು ಆಗುವುದಾದರೆ ರೇಂಜನ್ನು ಮೂಡು-ಪಡು ಹಾಕಿ, ಬಡಗು-ತೆಂಕು ಬೇಡ. ಗಾಳಿ ಆಗ ಎದುರಿನಿಂದ ಬರುತ್ತದೆ, ಅಡ್ಡ ತಳ್ಳುವುದಿಲ್ಲ. ಮೇಜು ಮೂಡಲಲ್ಲಿ, ಗುರಿ ಪಡುವಲಲ್ಲಿ ಇದ್ದರೆ ಬೆಳಗಿನ ಬಿಸಿಲೂ ಬೆನ್ನಿಗೆ. 10 ಮತ್ತು 30 ಮೀಟರ್‌ನಲ್ಲಿ ಒಂದೊಂದು ಕೋಲಿಗೆ ತೆಳು ಪ್ಲಾಸ್ಟಿಕ್ ಪಟ್ಟಿ ಕಟ್ಟಿ. ಮೇಜಿನ ಹತ್ತಿರದ ಗಾಳಿಯನ್ನು ಹೆಚ್ಚು ಗಮನಿಸಿ, ಅಲ್ಲಿ ತಿರುಗಿದ ಪೆಲೆಟ್ ಉಳಿದ ದೂರ ಪೂರ್ತಿ ಅದೇ ದಿಕ್ಕಿಗೆ ಹೋಗುತ್ತಾ ಇರುತ್ತದೆ.

ಗುರಿಯ ಹಿಂದೆ ಕೆಂಪುಕಲ್ಲಿನ ಗೋಡೆ ನಂಬಬೇಡಿ, ಸೀಸ ಚಿಮ್ಮಿ ಬರುತ್ತದೆ. ಮರಳು ತುಂಬಿದ ಗೋಣಿ ಎರಡು ಸಾಲು, ಅದರ ಹಿಂದೆ ಮಣ್ಣಿನ ದರೆ. ತಪ್ಪಿ ಮೇಲೆ ಹೋದ ಪೆಲೆಟ್ 300 ಮೀಟರ್ ದಾಟಬಹುದು. ತಗಡಿನ ಗುರಿಗೆ ಹೊಡೆಯುವಾಗ ಕನ್ನಡಕ ಕಡ್ಡಾಯ.

ಮೂಲ್ಕಿ ಮಳೆ:

ಕೈಯಲ್ಲಿ ತೋಟಾ ತುಂಬುವ ಮಾತು ಬಂತಲ್ಲ. ಇಲ್ಲಿ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಆಯುಧ ಕಾಯ್ದೆಯ 5ನೇ ಕಲಮಿಗೆ ಸಿಕ್ಕಿಬೀಳುವ ಕೆಲಸ, ಅದನ್ನು ಅಲ್ಲಿಗೇ ಬಿಡಿ. ಆದರೆ ಅವರು ಅದನ್ನು ಮಾಡುವುದು ಯಾಕೆ? ಪ್ರತಿ ಗುಂಡೂ ಒಂದೇ ತೂಕ, ಒಂದೇ ವೇಗ ಇರಲಿ ಎಂದು. ನಮ್ಮಲ್ಲಿ ಆ ಕೆಲಸ ಪೆಲೆಟ್ ಆರಿಸುವುದರಲ್ಲಿ ಆಗುತ್ತದೆ.

ತಲೆಯ ಅಳತೆ ಮೊದಲು. 4.50, 4.51, 4.52 ಎಂದು ಡಬ್ಬಿ ಮೇಲೆ ಬರೆದಿರುತ್ತದೆ. ಬ್ಯಾರಲ್‌ಗೆ ಹೆಬ್ಬೆರಳಲ್ಲಿ ತಳ್ಳುವಾಗ ಸ್ವಲ್ಪ ತಡೆದು ಹೋಗಬೇಕು. ತಾನೇ ಜಾರಿ ಒಳಗೆ ಬಿದ್ದರೆ ಸಣ್ಣದು, ಉಗುರು ನೋವಾಗುವಷ್ಟು ಒತ್ತಬೇಕಾದರೆ ದೊಡ್ಡದು. ಮೂರೂ ಅಳತೆ ತರಿಸಿ, ಒಂದೊಂದರಲ್ಲೂ ಹತ್ತು ಹೊಡೆತದ ಗ್ರೂಪ್ ಹಾಕಿ. ಮೂರು ಹೊಡೆತದ ಗ್ರೂಪ್ ಏನನ್ನೂ ಹೇಳುವುದಿಲ್ಲ. ಅಳೆಯುವುದು ಹೊರ ಅಂಚಿನಿಂದ ಹೊರ ಅಂಚಿಗೆ, ಅದರಿಂದ 4.5 ಮಿ.ಮೀ. ಕಳೆಯಿರಿ. ತೆಳು ಕಾಗದ ಹರಿದು ತೂತು ಸರಿ ಕಾಣುವುದಿಲ್ಲ, ಹಳೆಯ ಮದುವೆ ಕಾಗದದ ದಪ್ಪ ರಟ್ಟು ಇದಕ್ಕೆ ಬಹಳ ಒಳ್ಳೆಯದು.

ತೂಕ: ಅಕ್ಕಸಾಲಿಗರ ಸಣ್ಣ ಡಿಜಿಟಲ್ ತಕ್ಕಡಿ ಬೇಕು, 0.001 ಗ್ರಾಂ ತೋರಿಸುವಂಥದ್ದು. 0.1 ಗ್ರೇನ್ ಎಂದರೆ ಆರೂವರೆ ಮಿಲಿಗ್ರಾಂ, 0.01 ಗ್ರಾಂ ತಕ್ಕಡಿಗೆ ಅದು ಕಾಣುವುದೇ ಇಲ್ಲ. ಫ್ಯಾನ್ ನಿಲ್ಲಿಸಿ ತೂಗಿ. ಆದರೆ ತೂಗುವ ಮೊದಲು ಕನ್ನಡಿ ಮೇಲೆ ಉರುಳಿಸಿ ನೋಡಿ. ಒಳ್ಳೆಯ ಪೆಲೆಟ್ ಒಂದೇ ಸಮ ಸುತ್ತು ಬರುತ್ತದೆ, ಹಿಂಭಾಗದ ಲಂಗ ನೆಗ್ಗಿದ್ದು ಕುಂಟುತ್ತದೆ. ನೆಗ್ಗಿದ್ದನ್ನು ತೆಗೆದುಹಾಕುವುದರಿಂದ ಸಿಗುವ ಲಾಭ ತೂಕ ವಿಂಗಡಿಸುವುದಕ್ಕಿಂತ ಹೆಚ್ಚು ಎಂದು ನನ್ನ ಅಭಿಪ್ರಾಯ. ಸೀಸ ಮುಟ್ಟಿದ ಕೈ ಸೋಪು ಹಾಕಿ ತೊಳೆಯದೆ ತಿಂಡಿ ಮುಟ್ಟಬೇಡಿ.

ಈಗ ನಿಮ್ಮ 231ರಿಂದ 249. ಸರಿ ಇರುವ ಸ್ಪ್ರಿಂಗ್ ರೈಫಲ್ ಹತ್ತು ಹೊಡೆತಕ್ಕೆ 5-6ರ ಒಳಗೆ ಇರಬೇಕು. ಎರಡು ಅನುಮಾನ. ಒಂದು ಬ್ರೀಚ್ ಸೀಲ್ (ಬ್ಯಾರಲ್‌ನ ಹಿಂತುದಿಯಲ್ಲಿ ಗಾಳಿ ಸೋರದಂತೆ ತಡೆಯುವ ಬಳೆ): ಬ್ಯಾರಲ್ ಮುಚ್ಚಿದ ಸಂದಿನ ಮೇಲೆ ಟಿಶ್ಯೂ ಕಾಗದದ ಪಟ್ಟಿ ಇಟ್ಟು ಹೊಡೆಯಿರಿ. ಪಟ್ಟಿ ಹಾರಿದರೆ ಗಾಳಿ ಸೋರುತ್ತಿದೆ, ಸೀಲ್ ಬದಲಿಸಿ ಅಥವಾ ಅಡಿಗೆ ತೆಳು ಪ್ಲಾಸ್ಟಿಕ್ ಬಿಲ್ಲೆ ಇಡಿ. ಇನ್ನೊಂದು ಎಣ್ಣೆ. ಕರಾವಳಿಯ ತುಕ್ಕಿಗೆ ಹೆದರಿ ಎಲ್ಲರೂ ಎಣ್ಣೆ ಸುರಿಯುತ್ತಾರೆ. ಅದು ಗಾಳಿ ಬರುವ ತೂತಿನಿಂದ ಒಳಗೆ ಹೋಗಿ, ಪಿಸ್ಟನ್ ಒತ್ತಿದ ಬಿಸಿಗೆ ಹೊತ್ತಿಕೊಳ್ಳುತ್ತದೆ. ಹೊಗೆ, ಸುಟ್ಟ ವಾಸನೆ, ಜೋರು ಸದ್ದು, ವೇಗ ಒಮ್ಮೆಲೇ ಮೇಲೆ. ಸೀಲ್ ಸುಡುತ್ತದೆ, ಸ್ಪ್ರಿಂಗ್ ಮುರಿಯುತ್ತದೆ. ಆ ತೂತಿಗೆ ಯಾವ ಎಣ್ಣೆಯೂ ಬೇಡ, ಹೊಲಿಗೆ ಯಂತ್ರದ್ದೂ ಬೇಡ. ಒಣ ಬಟ್ಟೆ ತುಂಡನ್ನು ಮೀನಿನ ಗಾಳದ ನೈಲಾನ್ ದಾರಕ್ಕೆ ಕಟ್ಟಿ ಬ್ರೀಚ್‌ನಿಂದ ಬಾಯಿಯ ಕಡೆಗೆ ಎಳೆದು ಸ್ವಚ್ಛ ಮಾಡಿ, ನಂತರ 20-30 ಪೆಲೆಟ್ ಲೆಕ್ಕಕ್ಕೆ ಹಿಡಿಯಬೇಡಿ, ಬ್ಯಾರಲ್ ಮತ್ತೆ ಹದಕ್ಕೆ ಬರಬೇಕು.

ಹೊರಮೈಗೆ ಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ಬೆವರು ಕೈ ತಾಗಿದ ದಿನವೇ ಒರೆಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫೋಮ್ ಇರುವ ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿ, ಫೋಮ್ ತೇವ ಹಿಡಿದುಕೊಂಡು ಅದು ತಾಗಿದ ಕಡೆಯೇ ತುಕ್ಕು ಬರುತ್ತದೆ. ಪೆಲೆಟ್ ಡಬ್ಬಿಯೊಳಗೆ ಸಿಲಿಕಾ ಜೆಲ್ ಚೀಲ ಹಾಕಿ. ಬಿಳಿ ಪುಡಿ ಕಟ್ಟಿದ ಪೆಲೆಟ್ ಉಪಯೋಗಿಸಬೇಡಿ.

ಸುಳ್ಯ ಅಡಿಕೆ:

ಒಳ್ಳೆ ಚರ್ಚೆ. ಇದೇ ಸೆಟ್ಟಿಂಗ್‌ನಲ್ಲಿ ತೋಟಕ್ಕೆ ಬರುವ ಹಂದಿ, ಕಡವೆಗೆ ಹೊಡೆದು ಓಡಿಸಬಹುದಾ?

ಕಾರ್ಕಳ ಕರಿಬಂಡೆ:

ಇಲ್ಲ ಅಣ್ಣ. ಕಡವೆ, ಚುಕ್ಕೆ ಜಿಂಕೆ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಮಿನಡಿ ನಿಷಿದ್ಧ. ಗಾಯ ಮಾಡುವುದು, ಅದಕ್ಕೆ ಪ್ರಯತ್ನಿಸುವುದು ಕೂಡ ಬೇಟೆಯ ಲೆಕ್ಕಕ್ಕೇ ಬರುತ್ತದೆ. ಹಂದಿಯ ಹಾವಳಿ ಇದ್ದರೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ, ಬೆಳೆ ನಷ್ಟಕ್ಕೆ ಪರಿಹಾರವೂ ಅಲ್ಲಿಂದಲೇ. ಶಕ್ತಿಯ ಲೆಕ್ಕದಲ್ಲೂ ಅದು ಕ್ರೌರ್ಯ. ಭಾವನ ಕಡೆಯ 6.5 ಕ್ರೀಡ್‌ಮೋರ್ ತೋಟಾ ಬ್ಯಾರಲ್ ಬಾಯಿಯಲ್ಲಿ ಸುಮಾರು 3,000 ಜೌಲ್ ಕೊಡುತ್ತದೆ, ಇಲ್ಲಿ ಚರ್ಚೆಯಲ್ಲಿರುವ ರೈಫಲ್ 16ಕ್ಕಿಂತ ಕಡಿಮೆ. ಚರ್ಮದಡಿ ಸೀಸ ಇಟ್ಟುಕೊಂಡು ಹಂದಿ ವಾರಗಟ್ಟಲೆ ಕೊಳೆಯುತ್ತದೆ.

ಬ್ರಹ್ಮಾವರ ಬ್ಯಾರಲ್:

ತುಂಬಾ ಉಪಕಾರ. ಟಿಶ್ಯೂ ಇಟ್ಟು ನೋಡಿದೆ, ಹಾರುತ್ತದೆ. ಕೀಲಿನಲ್ಲಿ ಆಟ ಇಲ್ಲ. ಹೊಸ ಸ್ಕೋಪ್ ಮತ್ತು ಮೌಂಟ್ ಬರಲು ಸಮಯ ಉಂಟು. ಅಷ್ಟರವರೆಗೆ ತೆರೆದ ಸೈಟ್‌ನಲ್ಲೇ ಸೀಲ್, ಪೆಲೆಟ್ ಪರೀಕ್ಷೆ ಮಾಡಬಹುದಾ? ಮತ್ತೆ ಲೈಸೆನ್ಸ್ ಬೇಡದ ಏರ್ ರೈಫಲ್‌ಗೆ 20 ಜೌಲ್ ಮಿತಿ ಇದೆಯಲ್ಲ, ಸೀಲ್ ಬದಲಿಸಿದರೆ ವೇಗ ಏರಿ ಅದು ದಾಟುವ ಭಯ ಉಂಟಾ?

ಮೂಲ್ಕಿ ಮಳೆ:

ಧಾರಾಳ ಮಾಡಬಹುದು, ಅದೇ ಒಳ್ಳೆಯದು. ಸೀಲ್‌ನ ಪರೀಕ್ಷೆಗೆ ಕ್ರೋನೋ ಸಾಕು, ಗುರಿಯೇ ಬೇಡ. ಪೆಲೆಟ್‌ಗೆ 10 ಮೀಟರ್‌ನಲ್ಲಿ ತೆರೆದ ಸೈಟ್‌ನಿಂದ ಹತ್ತು ಹೊಡೆತ. ತೆರೆದ ಸೈಟ್‌ನ ಹಿಂಬದಿ ಬ್ಯಾರಲ್ ಮೇಲೆಯೇ ಇರುವ ರೈಫಲ್ ಆದರೆ ಜೋಲಿನ ಪ್ರಶ್ನೆಯೂ ಬರುವುದಿಲ್ಲ.

ಮಿತಿಯ ವಿಷಯ: 8.4 ಗ್ರೇನ್ ಪೆಲೆಟ್ 20 ಜೌಲ್ ಮುಟ್ಟಬೇಕಾದರೆ ಸೆಕೆಂಡಿಗೆ 271 ಮೀಟರ್ ಬೇಕು. ಸೀಲ್ ಒಂದರಿಂದ ಅಷ್ಟು ಏರುವುದಿಲ್ಲ. 260 ದಾಟಿ ಕಂಡರೆ ಖುಷಿಪಡಬೇಡಿ, ಒಳಗೆ ಎಣ್ಣೆ ಉರಿಯುತ್ತಿದೆಯಾ ಎಂದು ಮೊದಲು ಮೂಸಿ ನೋಡಿ. ಹತ್ತು ಪೆಲೆಟ್ ಹೊಡೆದ ಮೇಲೂ ವಾಸನೆ ಹೋಗದಿದ್ದರೆ ಸ್ಪ್ರಿಂಗ್ ಕಂಪ್ರೆಸರ್ ಇರುವವರಲ್ಲಿ ಕೊಟ್ಟು ಬಿಚ್ಚಿಸಿ. ಅದಿಲ್ಲದೆ ಮನೆಯಲ್ಲಿ ಹಿಂದಿನ ಪಿನ್ ತೆಗೆಯಲು ಹೋಗಬೇಡಿ, ಸ್ಪ್ರಿಂಗ್ ಮೊದಲೇ ಒತ್ತಿ ಕೂರಿಸಿದ್ದು, ಪಿನ್ ಬಿಟ್ಟ ಕೂಡಲೇ ಮುಖಕ್ಕೆ ಬರುತ್ತದೆ.